ಗೂಡುದೀಪಕ್ಕೂ ಮನೆ ಬೋರ್ಡಿಗೂ ಯಾವ ಸಾಫ್ಟ್‌ವೇರ್? ಇಂಕ್‌ಸ್ಕೇಪ್, ಕೋರೆಲ್ ಮತ್ತು ಉಳಿದವು

ವೆಕ್ಟರ್ ಸಾಫ್ಟ್‌ವೇರ್, ಅಂದರೆ ಎಷ್ಟು ಹಿಗ್ಗಿಸಿದರೂ ಕೆಡದ ಗೆರೆಗಳಲ್ಲಿ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಅದರಲ್ಲಿ 'ಶ್ರೀಕೃಷ್ಣ' ಅಂತ ಟೈಪ್ ಮಾಡಿ ನೋಡಿದ್ದೀರಾ? ಉಡುಪಿಯಲ್ಲಿ ಲೇಸರ್, ಸ್ಟಿಕ್ಕರ್ ಅಂತ ಏನೇ ಮಾಡಲು ಹೊರಟರೂ ಈ ಪದ ಬಂದೇ ಬರುತ್ತದೆ. ಅದೇ ಸರಿಯಾಗಿ ಮೂಡದಿದ್ದರೆ ಉಳಿದ ಫೀಚರ್ ಇಟ್ಟುಕೊಂಡು ಏನು ಮಾಡೋದು?

ನನ್ನದು ಹವ್ಯಾಸದ ಕೆಲಸ. ಮನೆಯಲ್ಲಿ ಒಂದು ಸಣ್ಣ ಡಯೋಡ್ ಲೇಸರ್ ಇದೆ. 3 ಮಿ.ಮೀ. ಪ್ಲೈವುಡ್‌ನಲ್ಲಿ ಮನೆ ಹೆಸರಿನ ಬೋರ್ಡು, ದೀಪಾವಳಿಗೆ ಗೂಡುದೀಪ, ಅಷ್ಟಮಿ ಹೊತ್ತಿಗೆ ಹುಲಿವೇಷದ ಸ್ಟಿಕ್ಕರ್. ದೊಡ್ಡ ಸೈಜಿನದ್ದಾದರೆ ಪೇಟೆಯ ರೇಡಿಯಂ ಅಂಗಡಿಗೆ ಫೈಲ್ ಕೊಡುತ್ತೇನೆ. ಹಲವು ವರ್ಷಗಳಿಂದ ಇಂಕ್‌ಸ್ಕೇಪ್ ನನ್ನ ಮುಖ್ಯ ಸಾಫ್ಟ್‌ವೇರ್. ಕೋರೆಲ್‌ಡ್ರಾ, ಇಲಸ್ಟ್ರೇಟರ್, ಅಫಿನಿಟಿ ಮೂರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಿದ್ದೇನೆ.

ಇಂಕ್‌ಸ್ಕೇಪ್ ಪೂರ್ತಿ ಉಚಿತ, ಓಪನ್ ಸೋರ್ಸ್. 2003ರಲ್ಲಿ ಸೋಡಿಪೋಡಿ ಎಂಬ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. 1.0 ಆವೃತ್ತಿ ಹೊರಬಂದದ್ದು 2020ರಲ್ಲಿ. ಅವಸರದ ಜನ ಅಲ್ಲ ಬಿಡಿ. ಕನ್ನಡದ ವಿಷಯದಲ್ಲಿ ಮಾತ್ರ ಇದು ಗಟ್ಟಿ. ಅಕ್ಷರ ಜೋಡಿಸಲು ಇದು ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಹಾಗಾಗಿ 'ನೋಟೋ', 'ಬಲೂ ತಮ್ಮ' ಥರದ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಅಕ್ಷರ ಸಂಕೇತ) ಫಾಂಟ್ ಹಾಕಿದರೆ ಒತ್ತಕ್ಷರ, ದೀರ್ಘ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಯಾವ ಸೆಟ್ಟಿಂಗೂ ಬೇಡ.

ಆದರೆ ಸ್ಕ್ರೀನ್ ಮೇಲೆ ಚೆಂದ ಕಂಡದ್ದು ಪ್ಲೈವುಡ್‌ನಲ್ಲಿ ನಿಲ್ಲಬೇಕಲ್ವಾ? 'ಶ್ರೀಕೃಷ್ಣ'ವನ್ನೇ ನೋಡಿ. ಕಾಗದದ ಮೇಲೆ ಅದು ಒಂದು ಪದ. ಲೇಸರ್‌ಗೆ ಅದು ಒಂದಷ್ಟು ಬಿಡಿ ತುಂಡುಗಳು. ಅನೇಕ ಫಾಂಟ್‌ಗಳಲ್ಲಿ 'ಶ್ರೀ'ಯ ದೀರ್ಘ ಪಕ್ಕಕ್ಕೆ ಬೇರೆಯಾಗಿ ನಿಂತಿರುತ್ತದೆ, 'ಷ್ಣ'ದ ಣ-ಒತ್ತು ಕೆಳಗೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಹಾಗೇ ಕತ್ತರಿಸಿದರೆ ಒತ್ತುಗಳೆಲ್ಲ ಟ್ರೇಗೆ ಉದುರುತ್ತವೆ. ಅದಕ್ಕೆ ನಾನು ಮೊದಲು ಆಬ್ಜೆಕ್ಟ್ ಟು ಪಾತ್ ಕೊಟ್ಟು (ಅಕ್ಷರವನ್ನು ಬರೀ ಗೆರೆಯ ಆಕಾರ ಮಾಡಿ) ಅನ್‌ಗ್ರೂಪ್ ಮಾಡುತ್ತೇನೆ. ಒತ್ತನ್ನು ಸ್ವಲ್ಪ ಮೇಲೆತ್ತಿ ತಾಯಿ ಅಕ್ಷರಕ್ಕೆ ತಾಗಿಸುತ್ತೇನೆ. ಅಕ್ಷರಗಳನ್ನು ಹತ್ತಿರ ಎಳೆದು ಕೊನೆಗೆ ಯೂನಿಯನ್, ಅಂದರೆ ಎಲ್ಲವನ್ನೂ ಬೆಸೆದು ಒಂದೇ ಆಕಾರ ಮಾಡುವುದು. ಯೂನಿಯನ್ ಬಿಟ್ಟರೆ ಒಂದರ ಮೇಲೊಂದು ಬಿದ್ದ ಗೆರೆಗಳ ಮೇಲೂ ಲೇಸರ್ ಓಡಿ ಅಕ್ಷರದ ಹೊಟ್ಟೆಯನ್ನೇ ಸೀಳುತ್ತದೆ.

ಸ್ಟೆನ್ಸಿಲ್ ಆದರೆ ತೊಂದರೆ ಉಲ್ಟಾ. 'ಮಠ' ಅಂತ ಕೊರೆದು ನೋಡಿ. ಠ ಒಳಗಿನ ಖಾಲಿ ಭಾಗ ಚುಕ್ಕಿಯ ಸಮೇತ ಉದುರುತ್ತದೆ, ಅದರ ಜೊತೆ ಅಕ್ಷರದ ಗುರುತೂ ಹೋಗುತ್ತದೆ. ಅಷ್ಟಮಠಗಳ ಊರಲ್ಲಿ ಇದನ್ನು ತಪ್ಪಿಸಿಕೊಳ್ಳುವ ಹಾಗೇ ಇಲ್ಲ! ಒಂದು ತೆಳು ಪಟ್ಟಿ ಎಳೆದು ಡಿಫರೆನ್ಸ್ ಕೊಟ್ಟರೆ (ಅಕ್ಷರದಿಂದ ಆ ಪಟ್ಟಿಯನ್ನು ಕಳೆದರೆ) ಒಳಗಿನ ಆ ಭಾಗವನ್ನು ಹಿಡಿದು ನಿಲ್ಲಿಸುವ ಸೇತುವೆ ಸಿಗುತ್ತದೆ. 2023ರ 1.3 ಆವೃತ್ತಿಯಲ್ಲಿ ಶೇಪ್ ಬಿಲ್ಡರ್ ಬಂದ ಮೇಲೆ ಈ ಸೇರಿಸುವ, ಕಳೆಯುವ ಕೆಲಸ ಮೌಸ್ ಎಳೆದರೆ ಮುಗಿಯುತ್ತದೆ.

ಗೂಡುದೀಪಕ್ಕೆ ನಾನು ಜಾಸ್ತಿ ಬಳಸುವುದು ರೊಟೇಟ್ ಕಾಪೀಸ್ ಎಂಬ ಪಾತ್ ಎಫೆಕ್ಟ್. ಒಂದು ಎಸಳು ಬಿಡಿಸಿ ಎಂಟು ಅಂತ ಕೊಟ್ಟರೆ ಸುತ್ತ ಎಂಟು ಎಸಳು. ಮೊದಲನೆಯದನ್ನು ತಿದ್ದಿದರೆ ಉಳಿದ ಏಳೂ ತಾವಾಗಿಯೇ ಬದಲಾಗುತ್ತವೆ. ತುಂಡುಗಳನ್ನು ಸಿಕ್ಕಿಸುವ ಖಾಚಿಗೆ ಮಾತ್ರ ವರ್ನಿಯರ್ ಹಿಡಿದೇ ಅಳತೆ ತೆಗೆಯಿರಿ. 3 ಮಿ.ಮೀ. ಅಂತ ಮಾರುವ ಪ್ಲೈ ನಿಜಕ್ಕೂ 3 ಇರುವುದು ಅಪರೂಪ. ಅದರ ಮೇಲೆ ಲೇಸರ್ ಸುಟ್ಟುಕೊಂಡು ಹೋಗುವ ದಾರಿಯ ಅಗಲವನ್ನೂ ಲೆಕ್ಕ ಹಿಡಿಯಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಹಲಗೆಯೇ ಬಾಗಿರುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರಲ್ಲೂ ಮದ್ದಿಲ್ಲ.

ಹುಲಿವೇಷದ ಪಟ್ಟೆಗಳನ್ನು ಪೆನ್ನಿನಲ್ಲಿ ಬಿಡಿಸಿ, ಫೋಟೋ ತೆಗೆದು, ಅದನ್ನು ವೆಕ್ಟರ್ ಗೆರೆಗಳಾಗಿ ಬದಲಿಸುವ ಟ್ರೇಸ್ ಬಿಟ್‌ಮ್ಯಾಪ್ ಕೊಡುತ್ತೇನೆ. ಮಾಮೂಲಿ ಟ್ರೇಸ್ ಒಂದು ಗೆರೆಯ ಎರಡೂ ಅಂಚು ಹಿಡಿಯುವುದರಿಂದ ಜೋಡಿ ಗೆರೆ ಬರುತ್ತದೆ. ಒಂಟಿ ಗೆರೆ ಬೇಕಾದರೆ ಸೆಂಟರ್‌ಲೈನ್ ಆರಿಸಿ. ಆಮೇಲೆ ಸಿಂಪ್ಲಿಫೈ ಕೊಟ್ಟು ನೋಡ್‌ಗಳನ್ನು (ಗೆರೆಯ ಆಕಾರ ಹಿಡಿಯುವ ಬಿಂದುಗಳನ್ನು) ಕಮ್ಮಿ ಮಾಡಲೇಬೇಕು. ಇಲ್ಲವಾದರೆ ಸ್ಟಿಕ್ಕರ್ ಕತ್ತರಿಸುವ ಯಂತ್ರವಾದ ಪ್ಲಾಟರ್‌ನ ಬ್ಲೇಡ್ ನಡುಗಿಕೊಂಡು ಹೋಗಿ ಬಾಲದ ತಿರುವು ಗರಗಸದ ಹಲ್ಲಿನ ಹಾಗೆ ಬರುತ್ತದೆ.

ಇನ್ನು ಕೋರೆಲ್. 1989ರಿಂದ ಇರುವ ಸಾಫ್ಟ್‌ವೇರ್. ನಮ್ಮ ಕಡೆಯ ಫ್ಲೆಕ್ಸ್, ರೇಡಿಯಂ, ಆಮಂತ್ರಣ ಪತ್ರಿಕೆಯ ಅಂಗಡಿಗಳಿಗೆ ಅದೇ ಉಸಿರು. ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, "ಸಿಡಿಆರ್ ಉಂಟಾ? ಇಲ್ವಾ? ಹಾಗಾದ್ರೆ ಕರ್ವ್ ಮಾಡಿ ಪಿಡಿಎಫ್ ತನ್ನಿ ಮಾರಾಯ್ರೆ" ಅಂತಾರೆ. ಸಿಡಿಆರ್ ಅಂದರೆ ಕೋರೆಲ್‌ನದೇ ಫೈಲ್. ಅವರು ಹೇಳುವುದು ಸರಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಹಳೆಯ ವರ್ಷನ್ ಇರುತ್ತದೆ, ಕನ್ನಡಕ್ಕೆ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್ ಇರುತ್ತದೆ. ನಮ್ಮ ಯೂನಿಕೋಡ್ ಅಕ್ಷರ ಅಲ್ಲಿ ಚೌಕ ಚೌಕವಾಗಿ ಕಾಣಬಹುದು. ಕರ್ವ್ ಮಾಡಿಕೊಟ್ಟರೆ ಅದು ಬರೀ ಆಕಾರ, ಫಾಂಟಿನ ಗೊಡವೆಯೇ ಇಲ್ಲ. ಕೋರೆಲ್‌ನಲ್ಲಿ ನೋಡ್ ತಿದ್ದುವ ವೇಗ, ಕಾಂಟೂರ್ ಟೂಲ್ ಎರಡೂ ನನಗೆ ಇಷ್ಟ. ಸ್ಟಿಕ್ಕರ್ ಸುತ್ತ ಬಿಳಿ ಅಂಚು ಹಾಕಲು ಅಷ್ಟು ಸಲೀಸು ಬೇರೆ ಕಡೆ ಕಾಣಲಿಲ್ಲ. ಆದರೂ ಹವ್ಯಾಸಕ್ಕೆ ಅಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳಿ ಅಂತ ನಾನು ಹೇಳಲಾರೆ. ದಿನಾ ಅಂಗಡಿಗಳ ಜೊತೆ ಸಿಡಿಆರ್ ಕೊಟ್ಟು ತೆಗೆದುಕೊಳ್ಳುವವರಿಗೆ ಸರಿ.

ಇಲಸ್ಟ್ರೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಲವಾದ ಸಾಫ್ಟ್‌ವೇರ್ ಹೌದು. ಕನ್ನಡಕ್ಕೆ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆನ್ ಮಾಡಿಕೊಳ್ಳಬೇಕು. 2013ರಿಂದ ಹೊಸ ಆವೃತ್ತಿಗಳಿಗೆ ಚಂದಾ ಕಟ್ಟುತ್ತಲೇ ಇರಬೇಕು. ವರ್ಷಕ್ಕೊಂದು ಗೂಡುದೀಪ ಮಾಡುವವರಿಗೆ ಇದು ಯಾಕೆ? ಇನ್ನೊಂದು ವಿಷಯ: ಇಲಸ್ಟ್ರೇಟರ್ ಒಂದು ಇಂಚಿಗೆ 72 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ, ಇಂಕ್‌ಸ್ಕೇಪ್ 96. ಹಾಗಾಗಿ ಅಲ್ಲಿಂದ ಬಂದ ಎಸ್‌ವಿಜಿ (ವೆಕ್ಟರ್ ಚಿತ್ರದ ಫೈಲ್) ಒಳಗೆ 100 ಮಿ.ಮೀ. ಇದ್ದದ್ದು ಇಲ್ಲಿ 75 ಆಗಿ ತೆರೆದುಕೊಳ್ಳಬಹುದು. ಯಾರಿಗೆ ಫೈಲ್ ಕೊಟ್ಟರೂ ಮೂಲೆಯಲ್ಲಿ ಒಂದು 100 ಮಿ.ಮೀ. ಗೆರೆ ಎಳೆದು ಕೊಡಿ. ತೆರೆದ ಕೂಡಲೇ ಅದನ್ನು ಅಳೆದು ನೋಡಲು ಹೇಳಿ.

ಅಫಿನಿಟಿ ನೋಡಲು ಬಹಳ ಚೆಂದ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ. ಆದರೆ 2ನೇ ಆವೃತ್ತಿಯವರೆಗೂ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. 'ಕೃಷ್ಣ' ಬಿಡಿಬಿಡಿಯಾಗಿ ಚೆಲ್ಲಿಕೊಂಡು ಕೂರುತ್ತಿತ್ತು. ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಪಾತ್ ಮಾಡಿ ಅಲ್ಲಿಗೆ ಒಯ್ಯುತ್ತಿದ್ದೆ. 2024ರಲ್ಲಿ ಕ್ಯಾನ್ವಾ ಆ ಕಂಪನಿಯನ್ನು ಕೊಂಡಿತು, 2025ರ ಅಕ್ಟೋಬರ್‌ನಿಂದ ಕ್ಯಾನ್ವಾ ಖಾತೆ ಇದ್ದರೆ ಅಫಿನಿಟಿ ಉಚಿತ. ಹಾಕಿಕೊಂಡ ಕೂಡಲೇ ಮೊದಲು ಯಾವ ಪದ ಟೈಪ್ ಮಾಡಬೇಕು ಅಂತ ನಿಮಗೆ ಗೊತ್ತಲ್ಲ.

ಈಚೆಗೆ ತುಳು ಲಿಪಿಯಲ್ಲಿ ಮನೆ ಹೆಸರು ಬೇಕು ಅನ್ನುವವರು ಜಾಸ್ತಿಯಾಗಿದ್ದಾರೆ. ಆ ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರ ಸೆಪ್ಟೆಂಬರ್‌ನಲ್ಲಿ, 16.0 ಆವೃತ್ತಿಯಲ್ಲಿ. ನಾನು ಲಿಪಿ ಬಲ್ಲವರ ಕೈಯಲ್ಲಿ ಬರೆಸಿ, ಅದರ ಮೇಲೆ ಪೆನ್ ಟೂಲ್‌ನಲ್ಲಿ ಗೆರೆ ಎಳೆದು ಮಾಡುತ್ತೇನೆ. ಇದಕ್ಕೆ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ.

ಇಂಕ್‌ಸ್ಕೇಪ್ ಮೇಲೆ ನನ್ನ ತಕರಾರು ಎರಡು. ಟ್ರೇಸ್ ಮಾಡಿದ ದೊಡ್ಡ ಫೈಲ್ ತೆರೆದರೆ ತೆವಳುತ್ತದೆ. ಎರಡನೆಯದು ಪ್ರಿಂಟ್‌ನ ಬಣ್ಣ. ಇದು ಆರ್‌ಜಿಬಿ, ಅಂದರೆ ಸ್ಕ್ರೀನಿನ ಬಣ್ಣಗಳಲ್ಲೇ ಕೆಲಸ ಮಾಡುವುದರಿಂದ ಸ್ಕ್ರೀನ್ ಮೇಲೆ ಉರಿಯುವ ಹುಲಿವೇಷದ ಹಳದಿ, ಕಿತ್ತಳೆ ಪ್ರಿಂಟ್‌ನಲ್ಲಿ ಮಂಕಾಗಿ ಬರುತ್ತದೆ. ಬಣ್ಣದ ಸ್ಟಿಕ್ಕರ್ ಆದರೆ ಅಂಗಡಿಯವರ ಹತ್ತಿರವೇ ಕೂತು, ಅವರ ಕೋರೆಲ್‌ನಲ್ಲಿ ಸಿಎಂವೈಕೆ (ಪ್ರಿಂಟಿಂಗ್ ಶಾಯಿಯ) ಬಣ್ಣ ತುಂಬಿಸಿ, ಅಂಗೈ ಅಗಲದ ಒಂದು ಸ್ಯಾಂಪಲ್ ತೆಗೆಸಿಕೊಂಡೇ ಉಳಿದದ್ದಕ್ಕೆ ಹೂಂ ಅನ್ನುತ್ತೇನೆ.