ಬೆರಳು ಬಿಡಿಸುವ ಗಾಳಿ ಕೈಗವಸು: ಪಾರ್ಶ್ವವಾಯುವಿನ ನಂತರ ಮನೆಯಲ್ಲಿ ನಾಲ್ಕು ತಿಂಗಳು

ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದೊಳಗಿನ ಪರೇಲಿನ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಲೋಕಲ್ ರೈಲಿನಲ್ಲಿ ಹೋಗಿಬರುವುದು ನನ್ನಿಂದಾಗಲಿಲ್ಲ. ಫಿಸಿಯೋಥೆರಪಿಸ್ಟರು ವಾರಕ್ಕೊಮ್ಮೆ ಮನೆಗೇ ಬರುವಂತೆ ಮಾಡಿಕೊಂಡು, ಉಳಿದ ದಿನಗಳ ವ್ಯಾಯಾಮಕ್ಕಾಗಿ 14,000 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಈ ಕೈಗವಸನ್ನು ತರಿಸಿದೆ. ಚಿಕ್ಕದೊಂದು ಪಂಪು ನಳಿಕೆಗಳ ಮೂಲಕ ಗಾಳಿ ತುಂಬಿದಾಗ ಬೆರಳುಗಳು ಮಡಚಿಕೊಳ್ಳುತ್ತವೆ, ಗಾಳಿಯನ್ನು ಎಳೆದುಕೊಂಡಾಗ ನೇರವಾಗುತ್ತವೆ.

ಬಿಗಿತ ಸಡಿಲಿಸುವುದರಲ್ಲಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಬೆಳಗ್ಗೆ ಏಳುವಾಗ ಉಗುರು ಅಂಗೈಗೆ ನಾಟುವಷ್ಟು ಮುಷ್ಟಿ ಬಿಗಿದಿರುತ್ತಿತ್ತು. ಇಪ್ಪತ್ತು ನಿಮಿಷ ಯಂತ್ರ ಓಡಿದರೆ ನನ್ನ ಹೆಂಡತಿ ಆ ಕೈಯನ್ನು ತೊಳೆದು ಉಗುರು ಕತ್ತರಿಸಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಮತ್ತೆ ಒಳಕ್ಕೆ ಸುರುಳುತ್ತವೆ.

ನಾನು ಮೋಸ ಹೋದದ್ದು, ಬೆರಳು ಎಷ್ಟು ಸಲ ಮಡಚಿ ಬಿಚ್ಚಿತೆಂದು ಯಂತ್ರದ ಪರದೆ ತೋರಿಸುವ ಎಣಿಕೆಯಿಂದ. ದಿನಕ್ಕೆ 600 ಎಂದು ತೋರಿಸುತ್ತಿದ್ದುದನ್ನು ಕಂಡು ಹಿಗ್ಗಿ, ಕೈಯನ್ನು ಅದಕ್ಕೆ ಒಪ್ಪಿಸಿ ಧಾರಾವಾಹಿ ನೋಡುತ್ತ ಕೂರುತ್ತಿದ್ದೆ. ಪದೇಪದೇ ಮಾಡಿದರೆ ಫಲವಿದೆ ಎಂಬುದು ಸುಳ್ಳಲ್ಲ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೈಯಿಂದ ಕೆಲಸ ಮಾಡಿಸುವ ಚಿಕಿತ್ಸಾ ಅವಧಿಗಳಲ್ಲೂ ಅಂಥ ಚಲನೆ ಒಂದು ಅವಧಿಗೆ ಸರಾಸರಿ 32 ಬಾರಿ ಮಾತ್ರ ನಡೆಯುತ್ತಿತ್ತೆಂದು ತೋರಿಸಿತು; ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಾದರೋ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಆದರೆ ಮಿದುಳು ಮತ್ತೆ ಕಲಿಯಬೇಕಾದರೆ ಚಲಿಸುವ ಪ್ರಯತ್ನ ನನ್ನದಾಗಿರಬೇಕು. ಆ 600ರಲ್ಲಿ ನನ್ನದೆನ್ನಬಹುದಾದ ಒಂದೂ ಇರಲಿಲ್ಲ. ಥೆರಪಿಸ್ಟರು ಇದನ್ನು ಗಮನಿಸಿ ಟಿವಿ ಆರಿಸಿದರು. ಪ್ರತಿ ಸಲ ಯಂತ್ರಕ್ಕಿಂತ ಮೊದಲು ನಾನೇ ಬೆರಳು ಬಿಡಿಸಲು ಯತ್ನಿಸಬೇಕೆಂದರು. ಹಾಗೆ ಮಾಡಿದರೆ ನಲವತ್ತಕ್ಕೇ ಹಣೆ ಬೆವರುತ್ತದೆ.

ಜಾಹೀರಾತಿನಲ್ಲಿ ‘ಯಾರ ನೆರವೂ ಬೇಡ’ ಎಂದಿತ್ತು. ಬಿಗಿದ ಬೆರಳುಗಳನ್ನು ಒಂದೊಂದಾಗಿ ಕವಸಿನೊಳಗೆ ತೂರಿಸುವುದು ಒಂದೇ ಕೈಯವನಿಗೆ ಅಸಾಧ್ಯ. ಮನೆಯವಳಿಗೇ ಹತ್ತು ನಿಮಿಷ ಬೇಕು. ಮೂರನೆಯ ತಿಂಗಳು ಹೆಬ್ಬೆರಳಿನ ನಳಿಕೆ ಸೋರತೊಡಗಿತು, ಮಳೆಗಾಲದಲ್ಲಿ ಬಟ್ಟೆ ಮುಗ್ಗಲು ವಾಸನೆ ಹಿಡಿಯಿತು.

ಜೊತೆಗೆ ಉಚಿತವಾಗಿ ಬಂದ, ಬಾಗಿಲಿಗೆ ತೂಗುಹಾಕುವ ರಾಟೆಯನ್ನು ಮಾತ್ರ ಯಾರೂ ಬಳಸಬಾರದು. ಸ್ನಾಯುಬಲವಿಲ್ಲದೆ ಜೋತುಬಿದ್ದ ಭುಜವನ್ನು ಅದರಿಂದ ತಲೆಯ ಮೇಲಕ್ಕೆ ಎಳೆದು ನಾನು ಐದು ರಾತ್ರಿ ನೋವಿನಿಂದ ನಿದ್ದೆಗೆಟ್ಟೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2016ರ ಮಾರ್ಗಸೂಚಿ ಪಾರ್ಶ್ವವಾಯು ಪೀಡಿತರಿಗೆ ಈ ವ್ಯಾಯಾಮ ಬೇಡವೆಂದೇ ಹೇಳುತ್ತದೆಯಾದರೂ ಪೆಟ್ಟಿಗೆಯ ಮೇಲೆ ಒಂದು ಸಾಲಿನ ಎಚ್ಚರಿಕೆಯೂ ಇರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಸ್ಟೇಷನ್ ಬಳಿಯ ಫೋಟೋ ಫ್ರೇಮಿನ ಅಂಗಡಿಯಲ್ಲಿ 450 ರೂಪಾಯಿಗೆ ಕೊಂಡ ಕನ್ನಡಿ. ಕತ್ತರಿಸಿದ ಅಂಗದಲ್ಲೂ ನೋವುಣ್ಣುವವರಿಗಾಗಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ರೂಪಿಸಿದ ಉಪಾಯವಿದು. ಬಲಗೈಯನ್ನು ಕನ್ನಡಿಯ ಹಿಂದೆ ಮರೆಮಾಡಿ ಎಡಗೈಯ ಬಿಂಬವನ್ನು ನೋಡುತ್ತ ಎರಡನ್ನೂ ಆಡಿಸಲು ಯತ್ನಿಸುವುದು. ಇದಕ್ಕೆ ಮಾತ್ರ ಯಾರ ನೆರವೂ ಬೇಡ.

ಬಿಗಿತ ಹೆಚ್ಚಿದ್ದು, ಮನೆಯಲ್ಲಿ ಇನ್ನೊಬ್ಬರಿದ್ದರೆ ಕೈಗವಸು ಕೊಳ್ಳಬಹುದು. ಬೆರಳು ತಾನಾಗಿ ಸ್ವಲ್ಪವಾದರೂ ಬಿಡಿಸುವವರಿಗೆ ಅಷ್ಟು ಹಣ ದಂಡ. ನಾನೀಗ ಬೆಳಗ್ಗೆ ಹದಿನೈದು ನಿಮಿಷ ಮಾತ್ರ ಅದನ್ನು ತೊಟ್ಟು, ಆಮೇಲೆ ಕನ್ನಡಿಯ ಮುಂದೆ ಕೂತು, ಕೊನೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಬಕೆಟ್ಟಿನ ಅಂಚಿಗೆ ಸಿಕ್ಕಿಸುತ್ತೇನೆ. ನಿನ್ನೆ ಹನ್ನೊಂದು ಸಿಕ್ಕಿಸಿದೆ.