ಐರ್ಲೆಂಡ್ ರೋಡ್ ಟ್ರಿಪ್: ಪೂರ್ತಿ ಒಂದು ಸುತ್ತಾ, ಎರಡು ಕಡೆ ಬಿಡಾರವಾ?

ಐರ್ಲೆಂಡ್ ದ್ವೀಪ ಪೂರ್ತಿ ಸೇರಿಸಿದರೂ ಕರ್ನಾಟಕದ ಅರ್ಧದಷ್ಟೂ ಇಲ್ಲ. ಅದಕ್ಕೇ ನಕ್ಷೆ ಬಿಡಿಸಿದವರಿಗೆಲ್ಲ ಮೊದಲು ಹೊಳೆಯುವುದು ಒಂದೇ ಯೋಚನೆ. ಒಂದು ವಾರ ರಜೆ, ಒಂದು ಬಾಡಿಗೆ ಕಾರು, ಡಬ್ಲಿನ್‌ನಿಂದ ಹೊರಟು ಕರಾವಳಿ ಹಿಡಿದು ಪೂರ್ತಿ ಸುತ್ತಿ ಮತ್ತೆ ಡಬ್ಲಿನ್. ಡಬ್ಲಿನ್‌ನಲ್ಲಿ ಕೆಲಸ ಮಾಡುವ ನಾನು ಗೆಳೆಯರ ಜೊತೆ ಅದನ್ನೇ ಮಾಡಿದೆ. ಆಮೇಲೆ ಮೈಸೂರಿನಿಂದ ಅಪ್ಪ ಅಮ್ಮ ಬಂದಾಗ ಬೇರೆ ಥರ ಹೋದೆವು. ನೈರುತ್ಯದ ಕೆರ್ರಿ ಜಿಲ್ಲೆಯ ಕಿಲಾರ್ನಿಯಲ್ಲಿ ಒಂದು ಮನೆ, ಪಶ್ಚಿಮದ ಗಾಲ್ವೇ ಪಕ್ಕ ಒಂದು ಮನೆ. ಬೆಳಿಗ್ಗೆ ಹೋಗುವುದು, ಸಂಜೆ ಅದೇ ಮನೆಗೆ ವಾಪಸ್ ಬರುವುದು.

ಒಂದು ವಾರಕ್ಕೆ ಎರಡು ಬಿಡಾರವೇ ಸರಿ ಅನ್ನುವುದು ನನ್ನ ತೀರ್ಮಾನ. ಆದರೆ ಸುತ್ತು ಹಾಕಿದಾಗ ಸಿಕ್ಕ ಒಂದು ದಿನವಿದೆ, ಅಂಥದ್ದು ಎರಡನೇ ಸಲ ಸಿಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ರಸ್ತೆಯ ವಿಷಯ. ಡಬ್ಲಿನ್‌ನಿಂದ ಗಾಲ್ವೇಗೆ ಹತ್ತಿರ ಹತ್ತಿರ 210 ಕಿ.ಮೀ. ಮೋಟರ್‌ವೇ ಇದೆ, ಗಂಟೆಗೆ 120ರ ಮಿತಿ, ಎರಡೂವರೆ ಗಂಟೆಯಲ್ಲಿ ಆರಾಮಾಗಿ ತಲುಪುತ್ತೀರಿ. ಇದನ್ನು ನೋಡಿ ಪಶ್ಚಿಮ ಕರಾವಳಿಗೂ ಅದೇ ಲೆಕ್ಕ ಹಾಕಿದರೆ ಕೆಟ್ಟಿರಿ. ಕ್ಲಿಫ್ಡನ್‌ನಿಂದ ವೆಸ್ಟ್‌ಪೋರ್ಟ್‌ಗೆ ಸುಮಾರು 65 ಕಿ.ಮೀ. ಅಷ್ಟೇ. ಮಧ್ಯೆ ಕೈಲ್‌ಮೋರ್ ಅಬ್ಬಿ ಅನ್ನುವ ಕ್ರೈಸ್ತ ಸನ್ಯಾಸಿನಿಯರ ಮಠವಿದೆ, ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಿಲರಿ ಅನ್ನುವ ಸಮುದ್ರದ ತೋಳಿದೆ, ರಸ್ತೆ ಮೇಲೆ ಕುರಿಗಳಿವೆ. ಅರ್ಧ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ಹಳ್ಳಿಯ ಸಣ್ಣ ರಸ್ತೆಗಳ ಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60ಕ್ಕೆ ಇಳಿಸಿದರು. ನಿಜ ಹೇಳಬೇಕೆಂದರೆ ಅಲ್ಲಿ 60ರಲ್ಲಿ ಓಡಿಸಲೂ ಧೈರ್ಯ ಬೇಕು. ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಎದುರಿನಿಂದ ಟ್ರ್ಯಾಕ್ಟರ್. ಕೆಲವು ಕಡೆ ರಸ್ತೆ ನಡುವೆಯೇ ಹುಲ್ಲು ಬೆಳೆದಿರುತ್ತದೆ. ಕೊಡಗಿನ ಎಸ್ಟೇಟ್ ರಸ್ತೆಯಲ್ಲಿ ಎದುರಿಗೆ ಜೀಪ್ ಬಂದಾಗ ಯಾರು ಹಿಂದೆ ಸರಿಯಬೇಕು ಅಂತ ಕಣ್ಣಲ್ಲೇ ಮಾತಾಡಿಕೊಳ್ಳುತ್ತೇವಲ್ಲ, ಇಲ್ಲೂ ಹಾಗೇ. ವ್ಯತ್ಯಾಸ ಅಂದ್ರೆ ಇಲ್ಲಿ ಹಾರ್ನ್ ಹೊಡೆಯುವುದಿಲ್ಲ, ಸ್ಟಿಯರಿಂಗ್ ಮೇಲಿನ ಬೆರಳೆತ್ತಿ ಥ್ಯಾಂಕ್ಸ್ ಹೇಳುತ್ತಾರೆ.

ಹಾಗಾಗಿ ದೊಡ್ಡ ಸುತ್ತಿನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕಾರಲ್ಲೇ ಕಳೆಯುತ್ತದೆ. ಕಾಶೆಲ್, ಕೋಬ್, ಕಿಲಾರ್ನಿ, ಡಿಂಗಲ್, ಮೊಹರ್, ಗಾಲ್ವೇ, ಕಾನೆಮಾರಾ, ಸ್ಲೈಗೋ, ಡೊನೆಗಾಲ್, ಡೆರಿ, ಜೈಂಟ್ಸ್ ಕಾಸ್‌ವೇ, ಬೆಲ್‌ಫಾಸ್ಟ್. ಹೆಸರು ಓದುವುದಕ್ಕೇ ಸುಸ್ತಾಯಿತು ಅಲ್ವಾ? ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟುವುದು, ರಾತ್ರಿ ಹೊಸ ಮನೆಯ ಬೀಗದ ಕೋಡ್ ಹುಡುಕುವುದು. ಇಪ್ಪತ್ತೈದರ ವಯಸ್ಸಿನವರಿಗೆ ಅದೂ ಒಂದು ಮಜಾ. ನಮ್ಮ ಗುಂಪಿನಲ್ಲಿ ಯಾರೂ ದೂರಲಿಲ್ಲ. ಒದ್ದೆ ಬಟ್ಟೆ ಮಾತ್ರ ಯಾವತ್ತೂ ಒಣಗಲಿಲ್ಲ, ಡಿಕ್ಕಿಯೆಲ್ಲ ಅದರದ್ದೇ ವಾಸನೆ.

ಎರಡು ಬಿಡಾರ ಗೆದ್ದದ್ದು ನಿಜವಾಗಿ ಮಳೆಯ ವಿಷಯದಲ್ಲಿ. ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 150 ದಿನ ಮಳೆ ಬಿದ್ದರೆ, ಪಶ್ಚಿಮದ ಕೆಲವು ಕಡೆ 225 ದಿನ. ನೋಡಬೇಕಾದ್ದೆಲ್ಲ ಇರುವುದು ಆ ಪಶ್ಚಿಮದಲ್ಲೇ. ಸುತ್ತು ಹೊಡೆಯುವವರಿಗೆ ಮಂಗಳವಾರ ಅಂದರೆ ಮೊಹರ್‌ನ ಕಡಲಂಚಿನ ಕಡಿದಾದ ಬಂಡೆಗಳು. ಮಂಗಳವಾರ ಮಂಜು ಕವಿದರೆ ಮೊಹರ್ ಕಥೆ ಮುಗಿಯಿತು, ಬುಧವಾರ ಬೇರೆ ಊರಲ್ಲಿ ರೂಮ್ ಬುಕ್ ಆಗಿದೆ. ನಾವು ಮೊದಲ ಸಲ ಹೋದಾಗ ಆದದ್ದೂ ಇದೇ. ದುಡ್ಡು ಕೊಟ್ಟು ಒಳಗೆ ಹೋಗಿ ಬಿಳಿ ಗೋಡೆಯಂಥ ಮಂಜನ್ನು ನೋಡಿ ಬಂದೆವು. ಕೆಳಗೆ ಸಮುದ್ರ ಇದೆ ಅಂತ ಸದ್ದಿನಿಂದ ಗೊತ್ತಾಯಿತು. ಅಪ್ಪ ಅಮ್ಮನ ಜೊತೆ ಹೋದಾಗಲೂ ಮಳೆ ಬಂತು. ಆದರೆ ಆವತ್ತಿನ ಕಾರ್ಯಕ್ರಮ ಮರುದಿನಕ್ಕೆ ಹಾಕಿ ಗಾಲ್ವೇ ಪೇಟೆಯಲ್ಲಿ ಸುಮ್ನೆ ತಿರುಗಾಡಿದೆವು. ಮರುದಿನ ಸಂಜೆ, ಟೂರ್ ಬಸ್ಸುಗಳೆಲ್ಲ ಹೋದ ಮೇಲೆ ಮೊಹರ್‌ಗೆ ಹೋದರೆ 214 ಮೀಟರ್ ಎತ್ತರದ ಬಂಡೆ ಪೂರ್ತಿ ಬಿಸಿಲಲ್ಲಿತ್ತು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ಹೋಗುವುದಕ್ಕೆ ಹೆದರಬೇಕಿಲ್ಲ.

ಕೆರ್ರಿಯೊಳಗೇ ಇನ್ನೊಂದು ಪೈಪೋಟಿ ಇದೆ. ರಿಂಗ್ ಆಫ್ ಕೆರ್ರಿ ಅನ್ನುವ ಸುತ್ತುರಸ್ತೆಯಾ, ಡಿಂಗಲ್‌ನ ಸ್ಲೇ ಹೆಡ್ ಸುತ್ತುರಸ್ತೆಯಾ? ಹೆಸರು ಜಾಸ್ತಿ ಇರುವುದು ರಿಂಗ್‌ಗೆ. ಅದು 179 ಕಿ.ಮೀ., ಇಡೀ ದಿನದ ಕೆಲಸ. ಬಸ್ಸುಗಳೆಲ್ಲ ಕಿಲಾರ್ನಿಯಿಂದ ಕಿಲಾರ್ಗ್ಲಿನ್ ಕಡೆಗೆ, ಅಂದರೆ ಅಪ್ರದಕ್ಷಿಣೆಯಾಗಿ ಹೋಗುತ್ತವೆ. ಹತ್ತು ಗಂಟೆಗೆ ಹೊರಟರೆ ಅವುಗಳ ಬಾಲ ಹಿಡಿದು ಹೋಗಬೇಕು, ಇಲ್ಲ ತಿರುವಿನಲ್ಲಿ ಎದುರಾಗಬೇಕು. ಸ್ಲೇ ಹೆಡ್ ಬರೀ 47 ಕಿ.ಮೀ. ಇದನ್ನು ಪ್ರದಕ್ಷಿಣೆಯಾಗಿಯೇ ಹಾಕಬೇಕು, ಎಲ್ಲರೂ ಹಾಗೇ ಹೋಗುತ್ತಾರೆ. ನಮಗೆ ನಾಲ್ಕು ಗಂಟೆ ಹಿಡಿಯಿತು, ಒಂದು ನಿಮಿಷವೂ ದಂಡ ಅನ್ನಿಸಲಿಲ್ಲ. ಡನ್‌ಕ್ವಿನ್ ಬಳಿ ನಿಂತರೆ ಎದುರಿಗೆ ಬ್ಲ್ಯಾಸ್ಕೆಟ್ ದ್ವೀಪಗಳು. ಅಲ್ಲಿ ಕೊನೆಗೆ ಉಳಿದಿದ್ದ ಜನರನ್ನು 1953ರಲ್ಲಿ ಸರ್ಕಾರ ಈಚೆ ದಡಕ್ಕೆ ಕರೆತಂದಿತು. ಮುಂದೆ ಗ್ಯಾಲರಸ್‌ನಲ್ಲಿ ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರವಿದೆ. ಅಪ್ಪ ಅದರೊಳಗೆ ಹೋಗಿ ಚಾವಣಿ ನೋಡುತ್ತಾ ನಿಂತವರು ಹೊರಗೆ ಬರಲೇ ಇಲ್ಲ. ಸಿವಿಲ್ ಎಂಜಿನಿಯರ್ ಆಗಿದ್ದವರು, ಬಿಡಿ.

ಹಾಗಂತ ರಿಂಗ್ ಪೂರ್ತಿ ಬಿಡಬೇಕಿಲ್ಲ. ಕಿಲಾರ್ನಿಯಿಂದ ಟಾರ್ಕ್ ಜಲಪಾತ, ಲೇಡೀಸ್ ವ್ಯೂ, ಮೋಲ್ಸ್ ಗ್ಯಾಪ್ ದಾಟಿ ಕೆನ್‌ಮೇರ್‌ವರೆಗೆ ಹೋಗಿ ಬನ್ನಿ. ನನ್ನ ಮಟ್ಟಿಗೆ ರಿಂಗ್‌ನ ಸೊಗಸಿನ ಮುಕ್ಕಾಲು ಪಾಲು ಆ ತುಂಡಿನಲ್ಲೇ ಇದೆ. ಕೆರ್ರಿ ಕರಾವಳಿಯಾಚೆ ಸಮುದ್ರದಲ್ಲಿರುವ ಸ್ಕೆಲಿಗ್ ಮೈಕಲ್ ಅನ್ನುವ ಕಡಿದಾದ ಬಂಡೆ ದ್ವೀಪ ಹತ್ತುವ ಆಸೆ ಇದ್ದವರಿಗೆ ಮಾತ್ರ ಲೆಕ್ಕ ಬೇರೆ. ಬೇಸಿಗೆಯ ತಿಂಗಳುಗಳಲ್ಲಷ್ಟೇ ದೋಣಿ ಬಿಡುತ್ತಾರೆ, ದಿನಕ್ಕೆ 180 ಜನಕ್ಕೆ ಮಾತ್ರ ಅವಕಾಶ, ಅಲೆ ಎದ್ದರೆ ಅದೂ ರದ್ದು. ಅಂಥವರು ಕೆರ್ರಿಯಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಬೇಕು. ಒಂದೇ ರಾತ್ರಿ ಇಟ್ಟುಕೊಂಡು ಹೋಗುವವರು ಅದೃಷ್ಟ ನಂಬಿಯೇ ಹೋಗಬೇಕು.

ಕೆರ್ರಿಯಿಂದ ಗಾಲ್ವೇ ಕಡೆಗೆ ಬರುವಾಗ ಲಿಮರಿಕ್ ಸುತ್ತಿ ಬರಬೇಡಿ. ಟಾರ್ಬರ್ಟ್‌ನಲ್ಲಿ ಕಾರಿನ ಸಮೇತ ಫೆರಿ ಹತ್ತಿದರೆ ಇಪ್ಪತ್ತು ನಿಮಿಷದಲ್ಲಿ ಶಾನನ್ ನದಿ ದಾಟಿ ಕ್ಲೇರ್ ಜಿಲ್ಲೆಗೆ ಇಳಿಯುತ್ತೀರಿ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಇದೇ ಇಷ್ಟವಾದದ್ದು!

ಗಾಲ್ವೇ ಅಂದಾಗ ಮನೆಯಲ್ಲಿ ಎಲ್ಲರಿಗೂ ನೆನಪಾದದ್ದು ಬೆಳಗಾವಿಯ ಸವಿತಾ ಹಾಲಪ್ಪನವರ್. ಗರ್ಭಪಾತ ಮಾಡಿ ಅಂತ ಕೇಳಿದರೂ ಆಸ್ಪತ್ರೆಯವರು ಒಪ್ಪದೆ, 2012ರಲ್ಲಿ ಆಕೆ ತೀರಿಕೊಂಡದ್ದು ಇದೇ ಊರಲ್ಲಿ. ಗರ್ಭಪಾತದ ಕಾನೂನು ಬದಲಿಸಲು 2018ರಲ್ಲಿ ಇಲ್ಲಿ ಜನಮತ ನಡೆದಾಗ ಆಕೆಯ ಫೋಟೊ ಊರೂರಿನಲ್ಲಿತ್ತು. ಅಮ್ಮ ಆ ಸಂಜೆ ಜಾಸ್ತಿ ಮಾತಾಡಲಿಲ್ಲ.

ಊಟದ ವಿಷಯದಲ್ಲಿ ಹೋಲಿಕೆಯೇ ಬೇಡ. ಸಣ್ಣ ಊರುಗಳಲ್ಲಿ ಪಬ್‌ನ ಅಡುಗೆಮನೆ ಒಂಬತ್ತಕ್ಕೆ, ಕೆಲವು ಕಡೆ ಅದಕ್ಕೂ ಮುಂಚೆ ಮುಚ್ಚುತ್ತದೆ. ವೆಜಿಟೆಬಲ್ ಸೂಪ್ ಅಂದರೂ ಕೋಳಿ ಸ್ಟಾಕ್ ಹಾಕಿರಬಹುದು, ಕೇಳಿಯೇ ತಿನ್ನಿ. ಬಿಡಾರದಲ್ಲಿ ಒಲೆ ಇರುತ್ತದೆ. ಸಾರಿನ ಪುಡಿ ಇದ್ದರೆ ಸಾಕು. ಭಾರತದಿಂದ ತುಪ್ಪ, ಪೇಡದಂಥ ಹಾಲಿನ ಪದಾರ್ಥ ತರುವಂತಿಲ್ಲ. ಚಿಂತೆ ಬೇಡ, ಇಲ್ಲಿನ ಬೆಣ್ಣೆ ಕಾಯಿಸಿದರೆ ಎಂಥಾ ತುಪ್ಪ ಬರುತ್ತದೆ ಗೊತ್ತಾ!

ಈಗ ಆ ಒಂದು ದಿನದ ವಿಷಯ. ದೊಡ್ಡ ಸುತ್ತಿನಲ್ಲಿ ಡೊನೆಗಾಲ್ ಸಿಕ್ಕಿತು. ಅಲ್ಲಿನ ಸ್ಲೀವ್ ಲೀಗ್ ಅನ್ನುವ ಕಡಲಂಚಿನ ಬಂಡೆಯ ಎತ್ತರ 601 ಮೀಟರ್, ಮೊಹರ್‌ನ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. ಅಲ್ಲಿ ನಾವು, ಕೆಲವು ಕುರಿ, ಗಾಳಿ, ಅಷ್ಟೇ ಇದ್ದದ್ದು. ರಸ್ತೆಗಳೂ ಖಾಲಿ. ಮೊಹರ್ ನೋಡಿದವರು ಇದನ್ನು ನೋಡಿದರೆ ಸ್ವಲ್ಪ ಹೊತ್ತು ಮಾತು ಬರುವುದಿಲ್ಲ. ಮರುದಿನ ಜೈಂಟ್ಸ್ ಕಾಸ್‌ವೇಯ ಸುಮಾರು 40,000 ಬಸಾಲ್ಟ್ ಕಂಬಗಳ ಮೇಲೆ ಓಡಾಡಿದೆವು. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಆ ಕಲ್ಲಿನ ಆಕಾರ ಹೊಸದಲ್ಲ. ಆದರೂ ಇಲ್ಲಿ ಅವು ಮೆಟ್ಟಿಲಿನ ಹಾಗೆ ಸಮುದ್ರಕ್ಕೆ ಇಳಿಯುವುದನ್ನು ನೋಡಲೇಬೇಕು.

ಆದರೆ ಕಾಸ್‌ವೇ ಇರುವುದು ಉತ್ತರ ಐರ್ಲೆಂಡ್‌ನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಯೂರೊ ಹೋಗಿ ಪೌಂಡ್ ಬರುತ್ತದೆ. ಗೇಟ್ ಇಲ್ಲ ಅಂದ ಮಾತ್ರಕ್ಕೆ ಭಾರತದ ಪಾಸ್‌ಪೋರ್ಟ್‌ನವರಿಗೆ ವೀಸಾ ಬೇಡ ಅಂತಲ್ಲ. ನಿಮ್ಮ ಐರಿಶ್ ವೀಸಾ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಶ್ ವೀಸಾ ಸ್ಕೀಮ್) ಅಂತ ನಮೂದಾಗಿರಬೇಕು, ಇಲ್ಲವೇ ಯುಕೆ ವೀಸಾ ಇರಬೇಕು. ಡಬ್ಲಿನ್‌ನಲ್ಲಿ ಕೆಲಸ ಮಾಡುತ್ತಿರುವ ನಮ್ಮಂಥವರಿಗೆ ಇಲ್ಲಿನ ರೆಸಿಡೆನ್ಸ್ ಕಾರ್ಡ್ ಇದ್ದರೂ ಅದೊಂದೇ ಸಾಲದು. ಕಾರಿನ ವಿಮೆ ಆ ಕಡೆಗೂ ನಡೆಯುತ್ತದಾ ಅಂತಲೂ ಬಾಡಿಗೆಯವರನ್ನು ಕೇಳಿಕೊಳ್ಳಿ.

ಕಾರಿನ ಬಗ್ಗೆ ಇನ್ನೆರಡು ಮಾತು. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಅದೊಂದು ನಿರಾಳ. ಸಣ್ಣ ಕಾರು ತಗೊಳ್ಳಿ, ಆಟೊಮ್ಯಾಟಿಕ್ ಬೇಕಿದ್ದರೆ ತುಂಬಾ ಮುಂಚೆ ಬುಕ್ ಮಾಡಿ, ಬಾಡಿಗೆ ಜಾಸ್ತಿ. ಟೈರು, ಗಾಜು, ಕನ್ನಡಿ ಸಾಮಾನ್ಯ ವಿಮೆಯೊಳಗೆ ಬರುತ್ತವಾ ನೋಡಿ, ಇಲ್ಲಿ ಏಟು ತಿನ್ನುವುದು ಅವೇ. ಪೆಟ್ರೋಲ್ ಬಂಕ್‌ನಲ್ಲಿ ಹಸಿರು ಹಿಡಿ ಪೆಟ್ರೋಲ್, ಕಪ್ಪು ಹಿಡಿ ಡೀಸೆಲ್. ಡಬ್ಲಿನ್‌ನ ಎಂ50 ರಸ್ತೆಯಲ್ಲಿ ಟೋಲ್ ಗೇಟ್ ಇಲ್ಲ, ಕ್ಯಾಮೆರಾ ಇದೆ. ಮರುದಿನ ರಾತ್ರಿ ಎಂಟರೊಳಗೆ ದುಡ್ಡು ಕಟ್ಟದಿದ್ದರೆ ದಂಡ.

ಡ್ರೈವಿಂಗೇ ಬೇಡ ಅನ್ನುವವರಿಗೆ ಡಬ್ಲಿನ್‌ನಿಂದ ದಿನದ ಬಸ್ ಟೂರ್‌ಗಳಿವೆ. ಮೊಹರ್‌ಗೆ ಹೋಗಿ ಬರುವುದರಲ್ಲಿ ಹನ್ನೆರಡು ಗಂಟೆ ಆಗುತ್ತದೆ, ಅರ್ಧಕ್ಕಿಂತ ಹೆಚ್ಚು ಸೀಟಿನಲ್ಲೇ. ಒಂದು ದಿನಕ್ಕೆ ಪರವಾಗಿಲ್ಲ.

ನನ್ನನ್ನು ಕೇಳಿದರೆ ಏಳು ರಾತ್ರಿಯನ್ನು ಹೀಗೆ ಹಂಚುತ್ತೇನೆ: ಕಿಲಾರ್ನಿಯಲ್ಲಿ ಮೂರು, ಗಾಲ್ವೇ ಅಥವಾ ಕ್ಲೇರ್ ಕಡೆ ಮೂರು, ವಿಮಾನದ ಹಿಂದಿನ ರಾತ್ರಿ ಡಬ್ಲಿನ್. ಹನ್ನೆರಡು ರಾತ್ರಿ ಇದ್ದು ವೀಸಾನೂ ಸರಿ ಇದ್ದರೆ ಡೊನೆಗಾಲ್‌ನಲ್ಲಿ ಮೂರನೇ ಬಿಡಾರ ಹೂಡಿ, ಕಾಸ್‌ವೇ ನೋಡಿಕೊಂಡು ಬೆಲ್‌ಫಾಸ್ಟ್ ಮೇಲಿಂದ ಡಬ್ಲಿನ್‌ಗೆ ಇಳಿಯಿರಿ. ಆಗ ದೊಡ್ಡ ಸುತ್ತೂ ಆಗುತ್ತದೆ, ಬಟ್ಟೆಯೂ ಒಣಗುತ್ತದೆ.