ಮಾಲ್ಟಾದ ಪುರಾತನ ದೇಗುಲಗಳು: ಜಿಗಾಂತಿಯಾ, ಮ್ನೈದ್ರಾ, ಹೈಪೊಜಿಯಂ – ಯಾವುದು ಮೊದಲು?

ಮಾಲ್ಟಾ ಸಣ್ಣ ದೇಶ. ಆದರೂ ಅಲ್ಲಿನ ಹಳೆಯ ಜಾಗಗಳನ್ನೆಲ್ಲ ಒಂದೇ ಪ್ರವಾಸದಲ್ಲಿ ನೋಡಿ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ಲೋಹದ ಬಳಕೆಯೇ ಗೊತ್ತಿಲ್ಲದ ಜನ ಕಟ್ಟಿದ ಕಲ್ಲಿನ ದೇಗುಲಗಳೇ ಅಲ್ಲಿ ಎಷ್ಟೋ ಇವೆ. ಯಾವುದಕ್ಕೆ ಮೊದಲು ಹೋಗಬೇಕು ಅನ್ನುವವರಿಗಾಗಿ ನಾನು ನೋಡಿದವನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ನನ್ನ ಓಟು ಮ್ನೈದ್ರಾಕ್ಕೆ.

ಹೆಸರು ಜಾಸ್ತಿ ಇರುವುದು ಜಿಗಾಂತಿಯಾಗೆ. ಅದು ಗೋಜೊ ದ್ವೀಪದಲ್ಲಿದೆ. ಸುಮಾರು ಕ್ರಿ.ಪೂ. 3600ರ ಕಟ್ಟಡ, ಅಂದರೆ ಗೀಜಾದ ದೊಡ್ಡ ಪಿರಮಿಡ್ಡಿಗಿಂತ ಸಾವಿರ ವರ್ಷ ಹಳೆಯದು. ಹೊರಗೋಡೆ ಕೆಲವು ಕಡೆ ಈಗಲೂ 6 ಮೀಟರ್ ಎತ್ತರ ನಿಂತಿದೆ. ಹೆಗಲ ಮೇಲೆ ಕೂಸನ್ನು ಹೊತ್ತ ರಾಕ್ಷಸಿಯೊಬ್ಬಳು ಈ ಬಂಡೆಗಳನ್ನು ತಂದು ಜೋಡಿಸಿದಳು ಅಂತ ಊರಿನವರ ಕಥೆ. ಆ ಗೋಡೆಯ ಬುಡದಲ್ಲಿ ನಿಂತು ತಲೆ ಎತ್ತಿದರೆ ಕಥೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ. ಎತ್ತರದ ವಿಷಯದಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ಆದರೆ ರಾಜಧಾನಿ ವ್ಯಾಲೆಟ್ಟಾದಿಂದ ಚಿರ್ಕೆವ್ವಾ ಬಂದರಿನವರೆಗೆ ಬಸ್ಸು, ಅಲ್ಲಿಂದ ಸುಮಾರು 25 ನಿಮಿಷ ಫೆರಿ, ಇಳಿದ ಮೇಲೆ ಮತ್ತೆ ಬಸ್ಸು. ದೇಗುಲಕ್ಕಾಗಿ ಮಾತ್ರ ಇಷ್ಟು ದೂರ ಹೋಗಿಬರುವುದು ನನಗೆ ಸರಿ ಕಾಣಲಿಲ್ಲ. ಗೋಜೊದಲ್ಲಿ ರಾತ್ರಿ ತಂಗುವವರು ಖಂಡಿತ ನೋಡಲಿ.

ಮ್ನೈದ್ರಾ ಇರುವುದು ಮುಖ್ಯ ದ್ವೀಪದ ದಕ್ಷಿಣ ಅಂಚಿನಲ್ಲಿ, ಸಮುದ್ರದ ಕಡೆಗಿನ ಇಳಿಜಾರಿನಲ್ಲಿ. ಮೇಲೆ ಹಜರ್ ಈಮ್ ಅನ್ನುವ ಇನ್ನೊಂದು ದೇಗುಲ, ಸುಮಾರು ಅರ್ಧ ಕಿಲೋಮೀಟರ್ ಕೆಳಗೆ ಮ್ನೈದ್ರಾ. ಒಂದೇ ಟಿಕೆಟ್ಟಿನಲ್ಲಿ ಎರಡೂ ಆಗುತ್ತವೆ. ಹಜರ್ ಈಮ್‌ನಲ್ಲಿ 20 ಟನ್ನಿಗೂ ಮೀರಿದ ಒಂದು ಕಲ್ಲಿದೆ, ಫೋಟೊ ತೆಗೆಯುವವರೆಲ್ಲ ಅಲ್ಲೇ ನಿಲ್ಲುತ್ತಾರೆ. ಅಲ್ಲಿನ ಮೆದು ಸುಣ್ಣಕಲ್ಲು ಗಾಳಿ-ಮಳೆಗೆ ತುಂಬಾ ಸವೆದಿದೆ. ಮ್ನೈದ್ರಾದ ಹೊರಗೋಡೆಯದು ಗಟ್ಟಿ ಹವಳದ ಸುಣ್ಣಕಲ್ಲು, ಹಾಗಾಗಿ ಚೆನ್ನಾಗಿ ಉಳಿದಿದೆ. ಒಳಗೆ ಕಲ್ಲಿನ ಮೇಲೆ ಸಾಲಾಗಿ ಕೊರೆದ ಸಣ್ಣ ಗುಳಿಗಳ ಅಲಂಕಾರವನ್ನು ಹತ್ತಿರದಿಂದ ನೋಡಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಲೆಕ್ಕಾಚಾರ. ಹಗಲು-ರಾತ್ರಿ ಸಮವಾಗುವ ದಿನಗಳಲ್ಲಿ ಹುಟ್ಟುವ ಸೂರ್ಯನ ಬೆಳಕು ಮ್ನೈದ್ರಾದ ದಕ್ಷಿಣ ದೇಗುಲದ ಬಾಗಿಲಿನಿಂದ ನೇರ ಒಳಗಿನ ಗೂಡಿಗೆ ಹೋಗುತ್ತದೆ. ಜೂನ್ ಮತ್ತು ಡಿಸೆಂಬರ್‌ನ ಅಯನದ ದಿನಗಳಲ್ಲಿ ಅದೇ ಬೆಳಕು ಒಳಬಾಗಿಲಿನ ಅಕ್ಕಪಕ್ಕದ ಕಲ್ಲುಗಳ ಅಂಚಿಗೆ ಬೀಳುತ್ತದೆ. ಬರೆಯಲು ಬಾರದ ಜನ ವರ್ಷವನ್ನೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ! ನಾನು ಹೋಗಿದ್ದು ಮಾಮೂಲಿ ದಿನ. ಆದರೂ ಬಾಗಿಲಿನ ಎದುರು ನಿಂತು ಆ ಗೆರೆಯನ್ನು ಕಣ್ಣಿನಲ್ಲೇ ಎಳೆದು ನೋಡಿದಾಗ ಮೈ ಜುಮ್ಮೆಂದಿತು. 2009ರಲ್ಲಿ ಹಜರ್ ಈಮ್, ಮ್ನೈದ್ರಾ ಎರಡರ ಮೇಲೂ ದೊಡ್ಡ ಬಿಳಿ ಚಪ್ಪರ ಹಾಕಿದ್ದಾರೆ. ನೋಟಕ್ಕೆ ಅಡ್ಡ ಅಂತ ಬೈಯುವವರಿದ್ದಾರೆ. ಕಲ್ಲು ಉಳಿಯಬೇಕಲ್ವಾ? ನನಗಂತೂ ಅದು ಬೇಕೇ ಬೇಕು ಅನ್ನಿಸಿತು, ಬೇಸಿಗೆಯಲ್ಲಿ ನೆರಳಿನ ಲಾಭವೂ ಇದೆ.

ಇನ್ನು ಪಾವೊಲಾ ಊರಿನ ಹಾಲ್ ಸಫ್ಲೀನಿ ಹೈಪೊಜಿಯಂ. ಇದು ನೆಲದಡಿ ಮೂರು ಹಂತದಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿ. 1902ರಲ್ಲಿ ಮನೆಗಳಿಗೆ ನೀರಿನ ತೊಟ್ಟಿ ತೋಡುವಾಗ ಸಿಕ್ಕಿತು. ಸುಮಾರು 7,000 ಜನರ ಎಲುಬುಗಳು ಇಲ್ಲಿದ್ದವು ಅಂತ ಅಂದಾಜು. ಚಾವಣಿಯಲ್ಲಿ ಕೆಂಪು ಮಣ್ಣಿನ ಬಣ್ಣದ ಸುರುಳಿಗಳು ಈಗಲೂ ಇವೆ. ನೆಲದ ಮೇಲಿನ ದೇಗುಲಗಳ ಚಾವಣಿ ಬಿದ್ದುಹೋಗಿದೆ. ಇಲ್ಲಿ ಬಂಡೆಯಲ್ಲೇ ಬಾಗಿಲು, ತೊಲೆ, ಚಾವಣಿಯ ಆಕಾರ ಕೆತ್ತಿರುವುದರಿಂದ ಆ ದೇಗುಲಗಳು ಹೇಗಿದ್ದಿರಬಹುದು ಅನ್ನುವ ಅಂದಾಜು ಸಿಗುತ್ತದೆ. ಅನುಭವದ ಆಳದಲ್ಲಿ ಇದೇ ಎಲ್ಲಕ್ಕಿಂತ ಮೇಲು. ಹಾಗಿದ್ದರೂ ನಾನು ಇದನ್ನು ಮೊದಲ ಸ್ಥಾನದಲ್ಲಿ ಇಡಲಾರೆ. ಉಸಿರಿನ ತೇವದಿಂದ ಬಣ್ಣ ಹಾಳಾಗುತ್ತದೆ ಅಂತ ದಿನಕ್ಕೆ 80 ಜನರನ್ನಷ್ಟೇ ಬಿಡುತ್ತಾರೆ. ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿ. ಒಳಗೆ ಫೋಟೊ ಇಲ್ಲ, ಗುಂಪಿನ ಜೊತೆಗೇ ನಡೆಯಬೇಕು, ಒಂದು ಕಡೆ ಇನ್ನೂ ಸ್ವಲ್ಪ ನಿಲ್ಲೋಣ ಅಂದರೆ ಆಗದು. ಮ್ನೈದ್ರಾದಲ್ಲಿ ಮನಸ್ಸು ತುಂಬುವಷ್ಟು ಹೊತ್ತು ಸುಮ್ನೆ ನಿಲ್ಲಬಹುದು.

ಟಿಕೆಟ್ ಸಿಗದವರು ವ್ಯಾಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿಗೆ ಹೋಗಲಿ. ಹೈಪೊಜಿಯಂನಲ್ಲಿ ಸಿಕ್ಕ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಮಲಗಿದ ಹೆಂಗಸಿನ ಮಣ್ಣಿನ ಬೊಂಬೆ ಅಲ್ಲಿದೆ. ಟಾರ್ಶೀನ್ ದೇಗುಲದ ಮೂಲ ಕೆತ್ತನೆಗಳೂ ಅಲ್ಲೇ ಇವೆ. ಟಾರ್ಶೀನ್‌ನಲ್ಲಿ ಇರುವುದು ಅವುಗಳ ನಕಲು, ಅದಕ್ಕೇ ಸಮಯ ಕಡಿಮೆ ಇದ್ದವರು ಆ ಜಾಗವನ್ನು ಬಿಡಬಹುದು.

ಹೋಗುವ ದಿನ ಗೊತ್ತಾದ ತಕ್ಷಣ, ಹೋಟೆಲ್ಲಿಗೂ ಮೊದಲು, ಹೈಪೊಜಿಯಂ ಟಿಕೆಟ್ ನೋಡಿ. ಸಿಕ್ಕಿದರೆ ಮೊದಲು ಮ್ನೈದ್ರಾ, ಆಮೇಲೆ ಅದು. ಈ ಕ್ರಮದಲ್ಲಿ ಹೋದರೆ ನೆಲದಡಿಯ ಕೆತ್ತನೆ ಯಾವುದರ ಪ್ರತಿ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ.